ಏಳೂವರೆ ತಿಂಗಳ ಮಗಳು ತಾನೇ ಕೈಯಲ್ಲಿ ಹಿಡಿದು ತಿಂತಾಳೆ, ಅತ್ತೆಗೆ ಹೆದರಿಕೆ. ಏನು ಮಾಡಲಿ?

ತುಂಗೆತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ, ಮೇಗರವಳ್ಳಿಗೆ ಸ್ವಲ್ಪ ಮೊದಲು ಒಳಗೆ ತಿರುಗುವ ಹಳ್ಳಿ. ತೋಟದ ಮನೆ. ಮನೆಯಲ್ಲಿ ಅತ್ತೆ, ಮಾವ, ನಮ್ಮನೆಯವರು, ನಾನು, ಏಳೂವರೆ ತಿಂಗಳ ಮಗಳು. ಅವಳನ್ನು ಇಲ್ಲಿ ಪುಟ್ಟಿ ಅಂತ ಬರೆಯುತ್ತೇನೆ.

ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಕೊಟ್ಟೆ. ಆಮೇಲೆ ದೇವಸ್ಥಾನಕ್ಕೆ ಹೋಗಿ ಅನ್ನ ಮುಟ್ಟಿಸಿದೆವು. ಅಲ್ಲಿಂದ ನಾನು ಊಟ ಕೊಡುವ ಕ್ರಮ ಬೇರೆ. ಸಿಹಿಗುಂಬಳ, ಸೀಮೆಬದನೆ, ಕ್ಯಾರೆಟ್ ಇವನ್ನು ಮೆತ್ತಗೆ ಬೇಯಿಸಿ, ಬೆರಳುದ್ದದ ಹೋಳು ಮಾಡಿ ಅವಳ ಮುಂದೆ ಇಡುತ್ತೇನೆ. ಅವಳೇ ಹಿಡಿದು ಬಾಯಿಗಿಟ್ಟುಕೊಳ್ಳುತ್ತಾಳೆ. ಬೇಬಿ ಲೆಡ್ ವೀನಿಂಗ್ ಅಂತ ಹೇಳುತ್ತಾರಲ್ಲ, ಅದೇ. ಅರ್ಧ ನೆಲದ ಮೇಲೆ, ಕಾಲು ಭಾಗ ತಲೆಕೂದಲಲ್ಲಿ, ಉಳಿದಿದ್ದು ಹೊಟ್ಟೆಗೆ. ಆದರೆ ತಿನ್ನುವಾಗ ಅವಳ ಮುಖ ನೋಡಬೇಕು, ಅಷ್ಟು ಖುಷಿ.

ಅತ್ತೆಗೆ ಇದು ಒಂದು ದಿನವೂ ಸರಿ ಕಂಡಿಲ್ಲ. ಅವರ ಲೆಕ್ಕ ಒಳಲೆಯ (ಮಗುವಿನ ಬಾಯಿಗೆ ಹೊಯ್ಯುವ ಮೂತಿಯ ಪುಟ್ಟ ಪಾತ್ರೆ) ಲೆಕ್ಕ. ನಮ್ಮನೆಯವರಿಗೂ, ಇಬ್ಬರು ನಾದಿನಿಯರಿಗೂ ಕುಡಿಸಿದ ಹಿತ್ತಾಳೆ ಒಳಲೆ ಇನ್ನೂ ಮನೆಯಲ್ಲಿದೆ. ಹುಣಸೆಹಣ್ಣು ಹಚ್ಚಿ ಬೆಳಗಿ ಇಟ್ಟಿದ್ದಾರೆ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಬೆಳಿಗ್ಗೆ ಮೂರು ಒಳಲೆ, ಸಂಜೆ ಮೂರು ಒಳಲೆ ರಾಗಿ ಸರಿ (ಗಂಜಿ). ಅಷ್ಟು ಹೋದರೆ ಹೊಟ್ಟೆ ತುಂಬಿತು ಅಂತ ಅರ್ಥ. ನನ್ನ ಕ್ರಮದಲ್ಲಿ ಎಷ್ಟು ಹೋಯಿತು ಅಂತ ಅವರು ಕೇಳಿದರೆ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಇದರ ಜೊತೆಗೆ ಉಪ್ಪಿಲ್ಲದೆ ಹೇಗೆ ತಿನ್ನುತ್ತದೆ, ಮೊಟ್ಟೆ ಉಷ್ಣ, ಈಗಲೇ ಬೇಡ, ಇವೆಲ್ಲ ಇದ್ದಿದ್ದೇ. ಮಾವ ಮಾತಾಡುವುದಿಲ್ಲ. ಆದರೆ ನಾನು ಅತ್ತ ತಿರುಗಿದಾಗ ಕಾಫಿಗೆ ಬೆರಳು ಅದ್ದಿ ನೆಕ್ಕಿಸುತ್ತಾರೆ.

ಮೊನ್ನೆ ಸೋಮವಾರ ಮಧ್ಯಾಹ್ನ ಕುಂಬಳದ ಹೋಳು ಸ್ವಲ್ಪ ದೊಡ್ಡದಾಗಿ ಮುರಿದು ಬಾಯೊಳಗೆ ಹೋಯಿತು. ಪುಟ್ಟಿ ನಾಲಿಗೆ ಚಾಚಿ, ಮುಖ ಕೆಂಪಾಗಿ, ಅಕ್ ಅಕ್ ಅಂತ ಓಕರಿಸಿದಳು. ಕೆಮ್ಮುತ್ತಿದ್ದಳು, ಸದ್ದು ಬರುತ್ತಿತ್ತು. ಹಾಗಾಗಿ ನಾನು ಕಾಯುತ್ತಿದ್ದೆ. ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಓಡಿ ಬಂದು, ಅವಳನ್ನು ಎತ್ತಿಕೊಂಡು ಬಾಯಿಗೆ ಬೆರಳು ಹಾಕಿದರು. ಹೋಳು ಬಂತು, ಕುಡಿದ ಹಾಲೂ ಬಂತು. ಮಗು ಅತ್ತಿತು. ಅತ್ತೆಯೂ ಅತ್ತುಬಿಟ್ಟರು. "ಎಂತ ಹಟ ನಿಂದು? ಹಲ್ಲಿಲ್ಲದ ಮಗೀಗೆ ಹೋಳು ಕೊಡ್ತಾರನೆ? ಒಂದು ಹೋಗಿ ಇನ್ನೊಂದಾದ್ರೆ ಯಾರು ಹೊಣೆ?" ಅಂದರು. ಅವತ್ತಿನಿಂದ ಮನೆಯಲ್ಲಿ ಮಾತು ಕಡಿಮೆ.

ಮುಂದಿನ ತಿಂಗಳು ನಾನು ಕೆಲಸಕ್ಕೆ ವಾಪಸ್ ಹೋಗಬೇಕು. 26 ವಾರದ ಹೆರಿಗೆ ರಜೆ ಮುಗಿದು, ಸಂಬಳವಿಲ್ಲದ ರಜೆಯಲ್ಲಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿದರೆ ಬರುವುದು ಸಂಜೆ ಆರಕ್ಕೆ. ಹಗಲಿನ ಊಟವೆಲ್ಲ ಅತ್ತೆಯ ಕೈಯಲ್ಲಿ. ಅವರು ಆಗಲೇ ಒಳಲೆ ಕೆಳಗೆ ತೆಗೆದಿಟ್ಟಿದ್ದಾರೆ.

ನನಗೆ ಅಮ್ಮ ಇಲ್ಲ. ನನ್ನ ಬಾಣಂತನ ಮಾಡಿದ್ದು ಇದೇ ಅತ್ತೆ. ಮಳೆಗಾಲದಲ್ಲಿ ಬಚ್ಚಲೊಲೆ ಆರದ ಹಾಗೆ ನೋಡಿಕೊಂಡು ಮೂರು ತಿಂಗಳು ದಿನಾ ನನಗೆ ನೀರು ಹಾಕಿದ್ದಾರೆ. ಅವರನ್ನು ನೋಯಿಸಿ ಗೆಲ್ಲುವುದು ನನಗೆ ಬೇಡ. ಹಾಗಂತ ಮಗುವನ್ನು ಮಲಗಿಸಿ ಹೊಯ್ಯುವುದಕ್ಕೂ ಮನಸ್ಸು ಒಪ್ಪುತ್ತಿಲ್ಲ. ಇಂಥದ್ದನ್ನು ದಾಟಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ವಿನೋಬನಗರದ ಅಪ್ಪ (ಶಿವಮೊಗ್ಗ)

ನಮಸ್ಕಾರ ಮೇಡಂ. ನನ್ನ ಮಗನಿಗೆ ಈಗ ಮೂರು ವರ್ಷ. ಅವನಿಗೂ ಹೀಗೇ ಕೊಟ್ಟಿದ್ದೆವು. ನಮ್ಮ ಮನೆಯಲ್ಲಿ ಸಿಟ್ಟಾಗಿದ್ದು ನಮ್ಮ ಅಪ್ಪ.

ನಾನು ಮಾಡಿದ ತಪ್ಪು ಮೊದಲು ಹೇಳುತ್ತೇನೆ, ನೀವು ಮಾಡಬೇಡಿ. ಸಾಕ್ಷಿ ತೋರಿಸಿದರೆ ಒಪ್ಪುತ್ತಾರೆ ಅಂದುಕೊಂಡೆ. ನ್ಯೂಜಿಲೆಂಡಿನಲ್ಲಿ ಸುಮಾರು 200 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಗಿದೆ. ತಾವೇ ತಿನ್ನುವ ಮಕ್ಕಳಿಗೂ ಚಮಚದಲ್ಲಿ ತಿನ್ನುವ ಮಕ್ಕಳಿಗೂ ಗಂಟಲಲ್ಲಿ ಸಿಕ್ಕಿಕೊಳ್ಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದನ್ನು ಪ್ರಿಂಟ್ ತೆಗೆದು ಅಪ್ಪನ ಮುಂದಿಟ್ಟೆ. ಅವರು ಕನ್ನಡಕ ತೆಗೆದಿಟ್ಟು ಎದ್ದು ಹೋದರು. ಎರಡು ದಿನ ಮೊಮ್ಮಗನನ್ನು ಎತ್ತಿಕೊಳ್ಳಲಿಲ್ಲ. ನಿನ್ನನ್ನು ಸಾಕಿದ್ದು ತಪ್ಪು ಅಂತ ಮಗ ಕಾಗದ ಹಿಡಿದು ಹೇಳಿದ ಹಾಗಾಯಿತು ಅವರಿಗೆ. ಈಗಲೂ ನೆನೆದರೆ ಬೇಜಾರಾಗುತ್ತದೆ.

ಆಮೇಲೆ ಆ ಅಧ್ಯಯನವನ್ನೇ ಸರಿಯಾಗಿ ಓದಿದೆ. ತಾವೇ ತಿನ್ನುವ ಗುಂಪಿನ ಅಪ್ಪ ಅಮ್ಮಂದಿರಿಗೆ ಯಾವುದು ಕೊಡಬಾರದು, ಹೇಗೆ ಕೂರಿಸಬೇಕು ಅಂತ ಮೊದಲೇ ಹೇಳಿಕೊಟ್ಟಿದ್ದರು. ಅಂದರೆ ಅಪಾಯ ಇಲ್ಲ ಅಂತಲ್ಲ, ಕಲಿತು ಮಾಡಿದರೆ ಜಾಸ್ತಿ ಆಗುವುದಿಲ್ಲ ಅಂತ. ಅಪ್ಪನ ಹೆದರಿಕೆ ಸುಮ್ನೆ ಅಲ್ಲ ಅಂತ ನನಗೆ ಅರ್ಥ ಆಗಿದ್ದು ಆಗ. ಮುಂದಿನ ಚುಚ್ಚುಮದ್ದಿಗೆ ಅಪ್ಪನನ್ನೇ ಕರೆದುಕೊಂಡು ಹೋದೆ. ಅವರ ಪ್ರಶ್ನೆಗಳನ್ನು ಅವರೇ ಡಾಕ್ಟರ ಹತ್ತಿರ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಅದರಿಂದ ತುಂಬಾ ಅನುಕೂಲ ಆಯಿತು.

ಇನ್ನೊಂದು ವಿಷಯ, ಮಲೆನಾಡಿನವರಿಗೆ ಮುಖ್ಯ. ಅಪ್ಪ ನಮ್ಮೂರಿಂದ ತುಡುವೆ ಜೇನು ತಂದಿದ್ದರು, ದಿನಾ ಒಂದು ಹನಿ ನೆಕ್ಕಿಸಲು. ಇಲ್ಲಿ ಮಾತ್ರ ನಾವು ಬಗ್ಗಲಿಲ್ಲ. ಒಂದು ವರ್ಷ ತುಂಬುವ ತನಕ ಜೇನು ಬೇಡವೇ ಬೇಡ. ಎಷ್ಟು ಶುದ್ಧ ಜೇನಾದರೂ ಅದರಲ್ಲಿ ಬಾಟುಲಿಸಂ ಎಂಬ ಅಪಾಯದ ಕಾಯಿಲೆ ತರುವ ಸೂಕ್ಷ್ಮಾಣುವಿನ ಬೀಜಕಗಳು ಇರಬಹುದು. ದೊಡ್ಡವರಿಗೆ ಏನೂ ಮಾಡುವುದಿಲ್ಲ, ಎಳೆ ಮಗುವಿನ ಕರುಳಲ್ಲಿ ಬೆಳೆದು ವಿಷ ಬಿಡುತ್ತವೆ. ಕಾಯಿಸಿದರೂ ಹೋಗುವುದಿಲ್ಲ. ಬಾಟಲಿಗೆ ಚೀಟಿ ಅಂಟಿಸಿ ಮೊದಲ ಹುಟ್ಟುಹಬ್ಬದ ತಾರೀಖು ಬರೆದಿಟ್ಟೆವು. ಅವತ್ತು ಅಪ್ಪನ ಕೈಯಿಂದಲೇ ನೆಕ್ಕಿಸಿದೆವು.

ಕೊಪ್ಪದ ಸೊಸೆ

ನನ್ನ ಅಭಿಪ್ರಾಯ ಬೇರೆ, ಬೇಜಾರು ಮಾಡ್ಕೋಬೇಡಿ. ನನಗೆ ಇಬ್ಬರು ಮಕ್ಕಳು. ಇಬ್ಬರಿಗೂ ಅನ್ನ, ಬೇಳೆ, ತುಪ್ಪ ಕಿವುಚಿ ಚಮಚದಲ್ಲೇ ಕೊಟ್ಟಿದ್ದೇನೆ. ಮಗು ಬಾಯಿ ತೆರೆದರೆ ಕೊಡುವುದು, ಮುಖ ತಿರುಗಿಸಿದರೆ ನಿಲ್ಲಿಸುವುದು. ಅದಕ್ಕೆ ಇಂಗ್ಲಿಷ್ ಹೆಸರು ಏನೂ ಬೇಕಾಗಲಿಲ್ಲ. ಇಬ್ಬರೂ ಒಂದೂವರೆ ವರ್ಷಕ್ಕೆ ತಾವೇ ತಿನ್ನಲು ಕಲಿತರು. ನಿಮ್ಮ ಅತ್ತೆ ಹಗಲಿಡೀ ಮಗು ನೋಡಿಕೊಳ್ಳಬೇಕಾದರೆ, ಅವರ ಕೈ ನಡುಗದ ಹಾಗೆ ಇರುವುದು ಮುಖ್ಯ ಅಲ್ವಾ? ಹೆದರಿಕೊಂಡು ಹೋಳು ಕೊಡುವುದಕ್ಕಿಂತ ಧೈರ್ಯವಾಗಿ ಚಮಚದಲ್ಲಿ ಕೊಡಲಿ. ಮಲಗಿಸಿ ಹೊಯ್ಯುವುದು ಮಾತ್ರ ಬೇಡ, ಅದಕ್ಕೆ ನನ್ನದೂ ವಿರೋಧ.

ಅಂಗನವಾಡಿ ಟೀಚರ್ (ಹೊಸನಗರ ತಾಲ್ಲೂಕು)

ತುಂಗೆತೀರ ಅವರೇ, ನಾನು ಹದಿನಾರು ವರ್ಷದಿಂದ ಅಂಗನವಾಡಿಯಲ್ಲಿದ್ದೇನೆ. ಮನೆ ಮನೆಗೆ ಹೋಗಿ ಅಜ್ಜಿಯಂದಿರ ಹತ್ತಿರ ಇದನ್ನೇ ಮಾತಾಡಿದ್ದೇನೆ. ಕೆಲವು ಮಾತು ವಿವರವಾಗಿ ಬರೆಯುತ್ತೇನೆ.

ಮೊದಲು ಸೋಮವಾರದ ವಿಷಯ. ನೀವು ಕಾದಿದ್ದು ಸರಿ. ಓಕರಿಸುವುದು ಬೇರೆ, ಉಸಿರು ಕಟ್ಟುವುದು ಬೇರೆ. ಎಳೆ ಮಕ್ಕಳಿಗೆ ಓಕರಿಕೆ ಹುಟ್ಟುವ ಜಾಗ ನಾಲಿಗೆಯ ಮೇಲೆ ನಮಗಿಂತ ಮುಂದೆಯೇ ಇರುತ್ತದೆ. ಹೋಳು ಗಂಟಲಿಗೆ ಹೋಗುವ ಮೊದಲೇ ವಾಪಸ್ ತಳ್ಳುತ್ತದೆ. ಮುಖ ಕೆಂಪಾಗುತ್ತದೆ, ಕೆಮ್ಮುತ್ತದೆ, ಸದ್ದು ಬರುತ್ತದೆ. ಆಗ ಬೆರಳು ಹಾಕಿದರೆ ಹೋಳು ಇನ್ನೂ ಒಳಗೆ ಹೋಗುವ ಸಂಭವ ಇದೆ. ಕಣ್ಣಿಗೆ ಸ್ಪಷ್ಟವಾಗಿ ಕಾಣದ್ದನ್ನು ಬೆರಳಲ್ಲಿ ಕೆದಕಬಾರದು. ನಿಮ್ಮ ಅತ್ತೆಗೆ ಇದನ್ನು ನಿಧಾನವಾಗಿ ಹೇಳಲೇಬೇಕು.

ಉಸಿರು ಕಟ್ಟಿದರೆ ಸದ್ದು ಇರುವುದಿಲ್ಲ. ಅಳಲು ಆಗುವುದಿಲ್ಲ, ಕೆಮ್ಮಲು ಆಗುವುದಿಲ್ಲ, ತುಟಿ ನೀಲಿಯಾಗುತ್ತದೆ. ಆಗ ಕಾಯಬಾರದು. ಮಗುವನ್ನು ಬೋರಲಾಗಿ ಮುಂಗೈ ಮೇಲೆ ಮಲಗಿಸಿ, ತಲೆ ಎದೆಗಿಂತ ಕೆಳಗಿರಬೇಕು, ಎರಡು ಹೆಗಲಿನ ನಡುವೆ ಅಂಗೈ ಬುಡದಿಂದ 5 ಸಲ ಗಟ್ಟಿಯಾಗಿ ಹೊಡೆಯಬೇಕು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವಿನ ಮೂಳೆಯ ಮೇಲೆ 5 ಸಲ ಒತ್ತಬೇಕು. ಮತ್ತೆ ಬೆನ್ನು, ಮತ್ತೆ ಎದೆ. ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಇದನ್ನು ಓದಿ ಕಲಿಯಲು ಆಗುವುದಿಲ್ಲ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಹತ್ತಿರ, ಗೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಯಿರಿ. ಅತ್ತೆಯನ್ನೂ ಕರೆದುಕೊಂಡು ಹೋಗಿ. ಹಗಲು ಮಗುವಿನ ಹತ್ತಿರ ಇರುವವರು ಅವರು.

ಎಷ್ಟು ಹೋಯಿತು ಅನ್ನುವ ಪ್ರಶ್ನೆಗೆ ಉತ್ತರ ನಮ್ಮ ತಕ್ಕಡಿಯಲ್ಲಿದೆ. ತಿಂಗಳಿಗೊಮ್ಮೆ ಮಗುವನ್ನು ಅಂಗನವಾಡಿಗೆ ತನ್ನಿ. ತೂಕ ನೋಡಿ ತಾಯಿ ಕಾರ್ಡಿನ ಗೆರೆಯಲ್ಲಿ ಚುಕ್ಕೆ ಇಡುತ್ತೇವೆ. ಗೆರೆ ಮೇಲೆ ಹೋಗುತ್ತಿದ್ದರೆ ಒಂದು ದಿನದ ಒಳಲೆ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಜ್ಜಿಯರಿಗೆ ಆ ಗೆರೆ ಚೆನ್ನಾಗಿ ಅರ್ಥ ಆಗುತ್ತದೆ. ಓದಲು ಬರದವರೂ ಬೆರಳಿಟ್ಟು ತೋರಿಸುತ್ತಾರೆ. ಚುಕ್ಕೆ ಇಡುವಾಗ ಅತ್ತೆ ಪಕ್ಕದಲ್ಲಿರಲಿ.

ಆದರೂ ಒಂದು ಅಂದಾಜು ಇರಲಿ. ಆರರಿಂದ ಎಂಟು ತಿಂಗಳಿಗೆ ದಿನಕ್ಕೆ 2-3 ಊಟ. ಎರಡು ಮೂರು ದೊಡ್ಡ ಚಮಚದಿಂದ ಶುರು ಮಾಡಿ, ನಿಧಾನಕ್ಕೆ 250 ಎಂಎಲ್ ಬಟ್ಟಲಿನ ಅರ್ಧದ ತನಕ. ಒಂಬತ್ತು ತಿಂಗಳಿನ ಮೇಲೆ 3-4 ಊಟ. ಈಗಲೂ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಶಕ್ತಿ ಎದೆಹಾಲಿಂದಲೇ ಬರುತ್ತದೆ. ಹಾಗಾಗಿ ಕೆಲಸಕ್ಕೆ ಹೋದ ಮೇಲೂ ಬೆಳಿಗ್ಗೆ, ಸಂಜೆ, ರಾತ್ರಿ ಹಾಲು ಬಿಡಬೇಡಿ. ಎರಡು ವರ್ಷ, ಅದರಾಚೆಗೂ ಕೊಡಬಹುದು.

ಈಗ ನಿಮಗೊಂದು ಮಾತು. ಕುಂಬಳ, ಸೀಮೆಬದನೆ, ಕ್ಯಾರೆಟ್ ಇಷ್ಟೇ ಆದರೆ ಸಾಲದು. ಹುಟ್ಟುವಾಗ ಮಗು ತಂದ ಕಬ್ಬಿಣದ ಅಂಶ ಆರು ತಿಂಗಳಿಗೆ ತೀರುತ್ತಾ ಬರುತ್ತದೆ. ಎದೆಹಾಲಿನಲ್ಲಿ ಅದು ಕಡಿಮೆ. ಬೇಳೆ, ಹೆಸರುಕಾಳು, ಸೊಪ್ಪು, ಮೊಟ್ಟೆ, ಮೀನು ಇವೆಲ್ಲ ಬೇಕು. ಮೊಟ್ಟೆ ಗಟ್ಟಿಯಾಗಿ ಬೇಯಿಸಿ ಆರು ತಿಂಗಳ ಮೇಲೆ ಕೊಡಬಹುದು. ಆಶಾ ಕಾರ್ಯಕರ್ತೆ ಕಬ್ಬಿಣದ ಸಿರಪ್ ಕೊಡುತ್ತಾರೆ, ವಾರಕ್ಕೆ ಎರಡು ದಿನ 1 ಎಂಎಲ್. ಅದನ್ನು ಕಪಾಟಿನಲ್ಲಿ ಇಟ್ಟು ಮರೆಯಬೇಡಿ, ತುಂಬಾ ಮನೆಯಲ್ಲಿ ಹಾಗೇ ಆಗುತ್ತದೆ. ಮಲ ಕಪ್ಪಗಾದರೆ ಅತ್ತೆ ಗಾಬರಿಯಾಗಬಹುದು, ಅದು ಸಿರಪ್ಪಿನದ್ದೇ ಬಣ್ಣ ಅಂತ ಮೊದಲೇ ಹೇಳಿಡಿ. ಮಾವನವರ ಕಾಫಿ ನಿಲ್ಲಿಸಿ. ಕಾಫಿ, ಟೀ ಎರಡೂ ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ.

ಇನ್ನು ಈಗ ಅಡಿಕೆ ಗೊನೆ ಕೊಯ್ಯುವ ಕಾಲ. ಕೊಡುವ ಹೋಳಿಗಿಂತ ನೆಲದಲ್ಲಿ ಬಿದ್ದ ಅಡಿಕೆ ಚೂರಿಗೆ ನಾನು ಜಾಸ್ತಿ ಹೆದರುತ್ತೇನೆ. ಮಗು ತೆವಳಲು ಶುರು ಮಾಡಿದ್ದರೆ ಅಡಿಕೆ ಸುಲಿಯುವ ಜಾಗಕ್ಕೆ ಬಿಡಲೇಬೇಡಿ. ಇಡೀ ಶೇಂಗಾ, ಹುರಿಗಡಲೆ, ದ್ರಾಕ್ಷಿ, ಹಸಿ ಕ್ಯಾರೆಟ್ ಇವೂ ಹಾಗೇ.

ತುಂಗೆತೀರ (ತೀರ್ಥಹಳ್ಳಿ)

ಎಲ್ಲರಿಗೂ ಧನ್ಯವಾದ. ಟೀಚರ್, ಸಿರಪ್ ಬಾಟಲಿ ನೀವು ಹೇಳಿದ ಹಾಗೇ ಕಪಾಟಿನಲ್ಲಿತ್ತು. ಇವತ್ತು ತೆಗೆದೆ. ಕೊಪ್ಪದ ಅಕ್ಕ, ನಿಮ್ಮ ಮಾತು ರಾತ್ರಿಯೆಲ್ಲ ತಲೆಯಲ್ಲಿತ್ತು. ಅತ್ತೆಯ ಕೈ ನಡುಗಬಾರದು ಅನ್ನುವುದು ನಿಜ. ಆದರೆ ಪುಟ್ಟಿ ಈಗ ಚಮಚ ಕಂಡರೆ ಕಿತ್ತುಕೊಳ್ಳುತ್ತಾಳೆ, ತಾನೇ ಹಿಡಿಯಬೇಕು. ಒಳಲೆಯ ಬಗ್ಗೆ ಅತ್ತೆಗೆ ಏನಂತ ಹೇಳಲಿ? ಅದನ್ನು ಎತ್ತಿಡಿ ಅನ್ನಲು ನನಗೆ ಬಾಯಿ ಬರುತ್ತಿಲ್ಲ.

ಸಾಗರದ ಅಜ್ಜಿ

ತಂಗೀ, ನಾನು ಇಲ್ಲಿ ಓದುತ್ತೇನೆ ಅಷ್ಟೇ, ಬರೆಯುವುದು ಕಡಿಮೆ. ನಿನ್ನದು ಓದಿ ಸುಮ್ಮನಿರಲು ಆಗಲಿಲ್ಲ. ನನಗೆ ಅರವತ್ತೆಂಟು. ನಾಲ್ಕು ಮೊಮ್ಮಕ್ಕಳು. ನಿನ್ನ ಅತ್ತೆಯ ಜಾಗದಲ್ಲಿ ಕೂತು ಅತ್ತವಳು ನಾನು.

ಮಗಳು ಬೆಂಗಳೂರಿನಿಂದ ಬಂದಾಗ ಎಂಟು ತಿಂಗಳ ಕೂಸಿಗೆ ನಾನು ಮಾಡಿದ ಸರಿ ಬೇಡ ಅಂದಳು. ಅದನ್ನು ಮಾಡಲು ನನಗೆ ನಾಲ್ಕು ದಿನ ಹಿಡಿದಿತ್ತು. ರಾಗಿ ತೊಳೆದು, ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳು ಪಂಚೆಯಲ್ಲಿ ಸೋಸಿದ್ದು. ಬೇಡ ಅಂದಾಗ ಹಿಟ್ಟು ಬೇಡ ಅಂದ ಹಾಗೆ ಕೇಳಿಸಲಿಲ್ಲ, ನಾನೇ ಬೇಡ ಅಂದ ಹಾಗೆ ಕೇಳಿಸಿತು. ನಿನ್ನ ಅತ್ತೆ ಒಳಲೆ ಬೆಳಗಿ ಇಟ್ಟಿದ್ದಾರೆ ಅಂತ ಬರೆದಿದ್ದೀಯಲ್ಲ, ಅಲ್ಲಿ ನನ್ನ ಕಣ್ಣು ನಿಂತಿತು.

ನಮ್ಮ ಕಾಲದ್ದು ಎಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಕಾಲ ಮೇಲೆ ಮಲಗಿಸಿ, ಎರಡು ಕೈ ಹಿಡಿದು, ಅಳುವ ಬಾಯಿಗೆ ಹೊಯ್ದಿದ್ದೇನೆ. ಅಳುವಾಗ ಉಸಿರು ಒಳಗೆಳೆಯುತ್ತದೆ, ಆಗಲೇ ಹೊಯ್ದರೆ ನೆತ್ತಿಗೆ ಹತ್ತದೆ ಇನ್ನೇನಾದೀತು? ನನ್ನ ಎರಡನೇ ಮಗನಿಗೆ ಹಾಗೆ ಹತ್ತಿ, ಕೆಮ್ಮಿ ಕೆಮ್ಮಿ ಸೋತು ಹೋಗಿದ್ದ. ಆಗ ದೃಷ್ಟಿಯಾಯಿತು ಅಂತ ಉಪ್ಪು ನಿವಾಳಿಸಿದೆವು. ಈಗ ತಿಳಿಯುತ್ತದೆ. ನಿನ್ನ ಅತ್ತೆಗೂ ಇಂಥದ್ದೊಂದು ನೆನಪು ಇದ್ದೇ ಇರುತ್ತದೆ. ವಾದ ಮಾಡುವ ಹೊತ್ತಿನಲ್ಲಿ ಕೇಳಬೇಡ. ಸಂಜೆ ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಕೂತು, 'ಅತ್ತೆ, ಅವತ್ತು ನಿಮಗೆ ಅಷ್ಟು ಹೆದರಿಕೆ ಆಯ್ತಲ್ಲ, ಮುಂಚೆ ಯಾವಾಗಾದ್ರೂ ಹಾಗೆ ನೋಡಿದೀರಾ?' ಅಂತ ಕೇಳು. ಕೈಗೆ ಕೆಲಸ ಇದ್ದಾಗ ಬಾಯಿ ತಾನಾಗಿ ಬಿಚ್ಚುತ್ತದೆ.

ಇನ್ನು ರಾಗಿ ಸರಿಯ ವಿಷಯ. ಅದನ್ನು ಬಿಡಿಸಬೇಡ ಮಾರಾಯ್ತಿ, ಅದು ಒಳ್ಳೆಯದೇ. ನಮ್ಮ ಡಾಕ್ಟರಮ್ಮ ನನಗೆ ಹೇಳಿದ್ದು ಇದು: ಮೊಳಕೆ ಬರಿಸಿದರೆ ರಾಗಿಯಲ್ಲಿ ಕಬ್ಬಿಣ ಹೀರದಂತೆ ತಡೆಯುವ ಅಂಶ ಕಡಿಮೆಯಾಗುತ್ತದೆ. ಸುಣ್ಣದ ಅಂಶ (ಕ್ಯಾಲ್ಸಿಯಂ) ಅಂತೂ 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಇದೆ, ಅಕ್ಕಿಯಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಮೊಳಕೆ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುವುದಿಲ್ಲ, ಹಾಗಾಗಿ ಅಷ್ಟೇ ನೀರಿಗೆ ಹಿಟ್ಟು ಜಾಸ್ತಿ ಹಿಡಿಸುತ್ತದೆ. ನಮ್ಮ ಅತ್ತೆಯಂದಿರು ಯಾರೂ ಇದನ್ನು ಪುಸ್ತಕ ನೋಡಿ ಕಲಿಯಲಿಲ್ಲ. ಇದನ್ನು ನಿನ್ನ ಅತ್ತೆಗೆ ಹೇಳು. ಅವರ ಕೈಗೆಲಸ ಸರಿ ಇತ್ತು ಅಂತ ನಿನ್ನ ಬಾಯಿಂದ ಒಮ್ಮೆ ಕೇಳಲಿ.

ತಪ್ಪಿದ್ದು ಒಳಲೆಯಲ್ಲಿ. ಒಳಲೆಯಿಂದ ಇಳಿಯಬೇಕಾದರೆ ಸರಿ ನೀರು ನೀರಾಗಬೇಕು. ಎಳೆ ಮಗುವಿನ ಹೊಟ್ಟೆ ಹಿಡಿಸುವುದು ಒಂದು ಕೆಜಿ ತೂಕಕ್ಕೆ ಸುಮಾರು 30 ಎಂಎಲ್ ಅಂತೆ. ಏಳು ಕೆಜಿ ಮಗುವಿಗೆ ಒಂದು ಲೋಟದಷ್ಟು. ಅದನ್ನು ನೀರಿನಲ್ಲೇ ತುಂಬಿಸಿದರೆ ಅನ್ನಕ್ಕೆ ಜಾಗ ಎಲ್ಲಿ? ಚಮಚ ಓರೆ ಮಾಡಿದರೂ ಥಟ್ಟನೆ ಜಾರಬಾರದು, ಅಷ್ಟು ದಪ್ಪ ಇರಬೇಕು.

ಇಲ್ಲಿ ನಿನಗೊಂದು ದಾರಿ ಹೇಳುತ್ತೇನೆ. ಸರಿಯನ್ನು ಇನ್ನೂ ಗಟ್ಟಿ ಮಾಡಿದರೆ ಏನಾಗುತ್ತದೆ? ಮಣ್ಣಿ! ತಟ್ಟೆಗೆ ತುಪ್ಪ ಸವರಿ, ಹೊಯ್ದು, ಆರಿದ ಮೇಲೆ ಕೊಯ್ಯುತ್ತೇವಲ್ಲ. ಚೌಕ ಕೊಯ್ಯುವ ಬದಲು ಬೆರಳುದ್ದ ಕೊಯ್ದರೆ ನಿನ್ನ ಮಗಳು ಹಿಡಿದು ತಿನ್ನುವ ಹೋಳು ಅದೇ ಆಯಿತು. ಬಾಯಲ್ಲಿ ಇಟ್ಟರೆ ಕರಗುತ್ತದೆ, ಒಸಡಿಗೆ ಸಾಕು. ಬೆಲ್ಲ ಹಾಕಬೇಡ, ಉಪ್ಪೂ ಬೇಡ. ಕಾಯಿಹಾಲು ಹಾಕಿ ಕಾಸು, ಕಳಿತ ಬಾಳೆಹಣ್ಣು ನುರಿದು ಸೇರಿಸಿದರೆ ಸಿಹಿ ಬರುತ್ತದೆ. ಮಗಳ ಮಗುವಿಗೆ ನಾನು ಕೊನೆಗೆ ಕೊಟ್ಟಿದ್ದು ಇದನ್ನೇ. ಹಿಟ್ಟು ನನ್ನದು, ಹಿಡಿದು ತಿನ್ನುವುದು ಅವಳ ಕ್ರಮ.

ಹೋಳು ಯಾವುದೇ ಇರಲಿ, ನಿನ್ನ ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಅಮುಕಿ ನೋಡು. ನುಣ್ಣಗಾದರೆ ಕೊಡು. ಇದನ್ನು ಅತ್ತೆಯ ಕೈಯಲ್ಲೇ ಮಾಡಿಸು. ಅವರ ಬೆರಳು ಪಾಸು ಮಾಡದ ಹೋಳು ಮಗುವಿನ ಮುಂದೆ ಹೋಗಬಾರದು ಅಂತ ಮನೆಯಲ್ಲಿ ಕಟ್ಟು ಮಾಡು.

ಮೊಬೈಲಿನಲ್ಲಿ ಹೊರದೇಶದ ಮಕ್ಕಳು ತಿನ್ನುವುದನ್ನು ಮಾತ್ರ ತೋರಿಸಬೇಡ. ಅದು ನಮ್ಮ ಮಗುವಲ್ಲ, ನಮಗೆ ಧೈರ್ಯ ಬರುವುದಿಲ್ಲ.

ತುಂಗೆತೀರ (ತೀರ್ಥಹಳ್ಳಿ)

ಹದಿನೇಳು ದಿನ ಆಯಿತು. ಕೊಯ್ಲಿನ ಗಡಿಬಿಡಿ, ಮೇಲೆ ಕರೆಂಟಿಲ್ಲ. ಬರೆಯಲು ತಡವಾಯಿತು, ಕ್ಷಮಿಸಿ.

ಅಜ್ಜಿ, ನೀವು ಹೇಳಿದ ಹಾಗೆ ಅಡಿಕೆ ಸುಲಿಯುವಾಗ ಕೇಳಿದೆ. ಅತ್ತೆ ಮೆಟ್ಟುಗತ್ತಿಯಿಂದ ಕೈ ತೆಗೆದು ಸುಮಾರು ಹೊತ್ತು ಸುಮ್ಮನೆ ಕೂತರು. ಆಮೇಲೆ ಹೇಳಿದರು. ಅವರ ತಮ್ಮನ ಮಗು, ಹತ್ತು ತಿಂಗಳಿದ್ದಾಗ, ಅಂಗಳದಲ್ಲಿ ಅಡಿಕೆ ಚೂರು ಬಾಯಿಗೆ ಹಾಕಿಕೊಂಡಿತಂತೆ. ಮೊದಲು ಕೆಮ್ಮಿ ಸುಮ್ಮನಾಯಿತು, ನುಂಗಿತು ಅಂದುಕೊಂಡರು. ಮೂರು ದಿನ ಜ್ವರ, ಎದೆಯಲ್ಲಿ ಸುಂಯ್ ಸದ್ದು. ಸುರಿಯುವ ಮಳೆಯಲ್ಲಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಕರೆದುಕೊಂಡು ಹೋದರು. ಮಗುವನ್ನು ತೊಡೆಯ ಮೇಲೆ ಹಿಡಿದು ಕೂತಿದ್ದು ಅತ್ತೆ. "ಒಂದೊಂದು ತಿರುವಲ್ಲೂ ಉಸಿರಾಡ್ತದಾ ಅಂತ ಮೂಗಿಗೆ ಬೆರಳು ಹಿಡೀತಿದ್ದೆ" ಅಂದರು. ಶ್ವಾಸನಾಳಕ್ಕೆ ಕೊಳವೆ ಹಾಕಿ ಚೂರು ತೆಗೆದರಂತೆ. ಆ ಮಗು ಈಗ ಇಂಜಿನಿಯರ್. ಅವನ ಮದುವೆಗೆ ನಾನೇ ಹೋಗಿದ್ದೆ, ಆದರೆ ಈ ವಿಷಯ ನನಗೆ ಗೊತ್ತೇ ಇರಲಿಲ್ಲ.

ನಾನು ಏನೂ ಹೇಳಲಿಲ್ಲ. ಅವರ ಕೈ ಹಿಡಿದು ಕೂತೆ. ಕೈ ಪೂರ್ತಿ ಅಡಿಕೆಯ ಚೊಗರು ಕಲೆ.

ಮಾರನೇ ದಿನ ಅವರೇ ಮಾವನಿಗೆ ಹೇಳಿ ಅಡಿಕೆ ಸುಲಿಯುವ ಜಾಗವನ್ನು ಜಗಲಿಯಿಂದ ಕೊಟ್ಟಿಗೆಯ ಪಕ್ಕದ ಚಪ್ಪರಕ್ಕೆ ಹಾಕಿಸಿದರು. ಜಗಲಿಗೆ ಅಡ್ಡ ಹಲಗೆ ಕಟ್ಟಿಸಿದರು. ಶುಕ್ರವಾರ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋಗಿ ಗೊಂಬೆ ಮೇಲೆ ಬೆನ್ನಿಗೆ ಹೊಡೆಯುವುದನ್ನು ಕಲಿತೆವು. ಅತ್ತೆ ನನಗಿಂತ ಚೆನ್ನಾಗಿ ಮಾಡಿದರು. ಸಿಸ್ಟರ್ ಅವರ ಹತ್ತಿರ ಎರಡನೇ ಸಲ ಮಾಡಿಸಿ ಉಳಿದವರಿಗೆ ತೋರಿಸಿದರು.

ಮಣ್ಣಿ ಮಾಡಿದೆವು. ಪುಟ್ಟಿ ಮೊದಲ ಹೋಳನ್ನು ಹಿಸುಕಿ ಬಿಸಾಡಿದಳು. ಎರಡನೆಯದನ್ನು ತಿಂದಳು, ಮೂರನೆಯದನ್ನು ಅತ್ತೆಯ ಬಾಯಿಗೆ ಇಟ್ಟಳು. ಅತ್ತೆ ಆವತ್ತು ಮೂರು ಮನೆಗೆ ಫೋನ್ ಮಾಡಿ ಹೇಳಿದರು. ತೂಕ 7 ಕೆಜಿ 300 ಗ್ರಾಂ ಬಂತು. ಕಾರ್ಡಿನ ಗೆರೆ ಮೇಲೇ ಹೋಗಿದೆ. ಮಧ್ಯಾಹ್ನ ಅನ್ನ, ಹೆಸರುಬೇಳೆ ಕಿವುಚಿದ್ದನ್ನು ಅತ್ತೆ ಚಮಚದಲ್ಲಿ ತುಂಬಿ ಅವಳ ಕೈಗೆ ಕೊಡುತ್ತಾರೆ, ಅವಳೇ ಬಾಯಿಗಿಟ್ಟುಕೊಳ್ಳುತ್ತಾಳೆ. ಕೊಪ್ಪದ ಅಕ್ಕ, ಇದು ನಿಮ್ಮ ಮಾತು ಓದಿದ ಮೇಲೆ ಹೊಳೆದಿದ್ದು. ಮೊಟ್ಟೆಗೂ ಒಪ್ಪಿದ್ದಾರೆ, ನಮ್ಮ ಮನೆಯ ನಾಟಿ ಕೋಳಿಯದ್ದೇ ಆಗಬೇಕು ಅಂತ ಷರತ್ತು.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಬೆಲ್ಲದ ವಿಷಯದಲ್ಲಿ ಇನ್ನೂ ಮುನಿಸು ಇದೆ. ನಿನ್ನೆ ಮಣ್ಣಿ ರುಚಿ ನೋಡಿದೆ, ಬೆಲ್ಲ ಬಿದ್ದಿತ್ತು. ಕೇಳಿದರೆ "ಚಿಟಿಕೆ ಅಷ್ಟೇ, ಬೆಲ್ಲ ಇಲ್ದೆ ಮಣ್ಣಿ ಮಾಡಿದ್ರೆ ದೇವರು ಮೆಚ್ಚಲ್ಲ" ಅಂದರು. ಸೋಮವಾರದಿಂದ ನಾನು ಮನೆಯಲ್ಲಿ ಇರುವುದಿಲ್ಲ. ಇದಕ್ಕೆ ಏನು ಮಾಡಲಿ ಅಜ್ಜಿ? ಒಳಲೆಯೂ ಇನ್ನೂ ಕಟ್ಟೆಯ ಮೇಲೇ ಇದೆ.

ಸಾಗರದ ಅಜ್ಜಿ

ಬೆಲ್ಲ ಬೇಡ ಅಂತ ಇನ್ನೊಮ್ಮೆ ಹೇಳು, ಮೆತ್ತಗೆ ಹೇಳು, ಆದರೆ ಹೇಳು. ಒಮ್ಮೆ ಸಿಹಿ ಹಿಡಿದರೆ ಸಪ್ಪೆ ಬೇಳೆ ಮುಟ್ಟುವುದಿಲ್ಲ, ಅದು ಅವರಿಗೂ ಗೊತ್ತು. ಭಾನುವಾರ ರಾತ್ರಿಯೇ ನಾಲ್ಕು ಏಲಕ್ಕಿ ಬಾಳೆಹಣ್ಣು ಮಣ್ಣಿ ಪಾತ್ರೆಯ ಪಕ್ಕ ಇಟ್ಟು ಹೋಗು. ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಬಂದಿರಬೇಕು, ಆಗಲೇ ಸಿಹಿ. ಕೈಗೆ ಸಿಗುವ ಹಾಗೆ ಹಣ್ಣಿದ್ದರೆ ಬೆಲ್ಲದ ಡಬ್ಬಿಗೆ ಕೈ ಹೋಗುವುದು ಕಡಿಮೆಯಾಗುತ್ತದೆ.

ಒಳಲೆ ಅಲ್ಲೇ ಇರಲಿ. ಮಣ್ಣಿಗೆ ಹಿಟ್ಟು ಅಳೆಯಲು ಒಂದು ಒಳಲೆ, ಕಾಯಿಹಾಲು ಮೂರು ಒಳಲೆ ಅಂತ ಅಳತೆ ಹೇಳಿಕೊಡಲು ಅತ್ತೆಯನ್ನು ಕೇಳು. ಹಿಟ್ಟು ಮೊದಲು ತಣ್ಣೀರಲ್ಲಿ ಕಲಸಿಕೊಳ್ಳಬೇಕು, ಇಲ್ಲದಿದ್ದರೆ ಗಂಟಾಗುತ್ತದೆ. ತಳ ಬಿಡುವ ತನಕ ಕೈ ನಿಲ್ಲಿಸಬಾರದು.